ಗಿರಿಜಾಂಬೆಯ ಪಥ್ಯದ ಜಾಡಿ

ಮಹಾರಾಜರ ಆಳ್ವಿಕೆಯ ಕಾಲ. ಇವತ್ತಿನ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಆ ಪೇಟೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಮನೆಯವರು ಮೊದಲು ಓಡುತ್ತಿದ್ದದ್ದು ಆಸ್ಪತ್ರೆಗಲ್ಲ, ಬೆಲ್ಲದ ಮಂಡಿ ವೀರಭದ್ರಯ್ಯನ ಹೆಂಡತಿ ಗಿರಿಜಾಂಬೆಯ ಬಾಗಿಲಿಗೆ. ಆಕೆಯ ಅಟ್ಟದ ಮೇಲೆ ಹೇರಳೆಕಾಯಿ ಉಪ್ಪಿನಕಾಯಿಯ ಜಾಡಿಗಳು ಸಾಲಾಗಿ ಕೂತಿದ್ದವು. ಹಳೆಯದಾದಷ್ಟೂ ಗುಣ ಜಾಸ್ತಿ ಎಂದು ವರ್ಷಗಟ್ಟಲೆ ಇಟ್ಟು ಇಟ್ಟು ಹೋಳುಗಳು ಇದ್ದಿಲಿನಂತೆ ಕಪ್ಪಾಗಿದ್ದವು, ಮೇಲೆ ಉಪ್ಪಿನ ಹರಳು ಕಟ್ಟಿತ್ತು. ಬಾಯಿ ಕೆಟ್ಟ ರೋಗಿಗೆ ಗಂಜಿಯ ಜೊತೆ ಅದರ ಒಂದು ಹೋಳು ಕೊಡುವುದೇ ಪಥ್ಯ. ಬದನೆಕಾಯಿ ಬೇಡ, ಕುಂಬಳ ಬೇಡ, ಎಣ್ಣೆ ಬೇಡ. ಗಿರಿಜಾಂಬೆಯ ಉಪ್ಪಿನಕಾಯಿ ಮಾತ್ರ ಬೇಕೇ ಬೇಕು.

ಇದೇನು ಧರ್ಮಕ್ಕೆ ಮಾಡುತ್ತಿದ್ದಳು ಅಂದುಕೊಂಡಿರಾ? ಜಾಡಿ ಹೋದ ಮನೆಯವರು ಬದುಕಿರುವವರೆಗೂ ಆಕೆಯ ಮುಂದೆ ದನಿ ಎತ್ತುವ ಹಾಗಿರಲಿಲ್ಲ. ರೋಗಿ ಎದ್ದು ಕೂತರೆ ಅದು ಉಪ್ಪಿನಕಾಯಿಯ ಮಹಿಮೆ. ಸತ್ತರೆ ಕೇಳಿದ್ದು ತಡವಾಯಿತು, ಇಲ್ಲವೇ ಕದ್ದು ಬದನೆಕಾಯಿ ತಿಂದಿರಬೇಕು. ಇಂಥ ಸೋಲೇ ಇಲ್ಲದ ವೈದ್ಯ ಈ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದರೆ ನನಗೂ ತೋರಿಸಿ. ಇನ್ನೊಂದು ಕಟ್ಟಳೆಯನ್ನೂ ಆಕೆ ಮಾಡಿದ್ದಳು. ಪಥ್ಯದ ಉಪ್ಪಿನಕಾಯಿಯನ್ನು ಆರೋಗ್ಯವಾಗಿರುವವರು ನಾಲಗೆಗೆ ಇಡಬಾರದು, ಇಟ್ಟರೆ ರೋಗವನ್ನು ಕೂಗಿ ಕರೆದ ಹಾಗೆ. ಹಾಗಾಗಿ ತನ್ನ ಔಷಧಿ ಹೇಗಿದೆ ಎಂದು ಆ ಮಹಾವೈದ್ಯೆ ಒಂದು ದಿನವೂ ರುಚಿ ನೋಡಿದವಳಲ್ಲ.

ಆ ಮನೆಯ ಸೊಸೆ ಸರ್ವಮಂಗಳ. ಮಾಗಡಿ ತಾಲ್ಲೂಕಿನ ಕೆಂಪಾಪುರದ ಹುಡುಗಿ. ಗಂಡ ಬಸವಯ್ಯ ಬೆಲ್ಲ ಕೊಳ್ಳಲು ಮಂಡ್ಯದ ಕಡೆ ತಿರುಗುತ್ತಿದ್ದ. ಮನೆಯಲ್ಲಿದ್ದರೂ ಅವ್ವನ ಮಾತಿಗೆ ತಲೆಯಾಡಿಸುವುದು ಬಿಟ್ಟರೆ ಅವನಿಗೆ ಇನ್ನೊಂದು ಕೆಲಸವಿರಲಿಲ್ಲ. ಸರ್ವಮಂಗಳ ಅತ್ತೆಯ ಎದುರಿಗೆ "ಹೂಂ ಅತ್ತೆ" ಎನ್ನುವಳು, ಅಡುಗೆಮನೆಗೆ ಬಂದು "ಗೂಬೆ" ಎನ್ನುವಳು. ಅತ್ತೆಯನ್ನು ಕಂಡರೆ ಅವಳಿಗೆ ಭಯಕ್ಕಿಂತ ತಾತ್ಸಾರ ಹೆಚ್ಚು. ಆ ತಾತ್ಸಾರವನ್ನು ಅವಳು ಬಾಯಿಯೊಳಗೆ ಬೆಲ್ಲದ ಚೂರಿನಂತೆ ಇಟ್ಟುಕೊಂಡು ಚೀಪುತ್ತಾ ದಿನ ಕಳೆಯುತ್ತಿದ್ದಳು.

ಹೀಗಿರುವಾಗ ವೀರಭದ್ರಯ್ಯನ ಪಾದ ಊದಿತು. ಆಮೇಲೆ ಹೊಟ್ಟೆ ಮುಂದಕ್ಕೆ ಬಂತು. ಪೇಟೆಯ ಜನಕ್ಕೆ ಕಣ್ಣಿದ್ದರೆ ತಾನೇ! "ಸಾವ್ಕಾರ್ರಿಗೆ ಈಗ ಮೈ ತುಂಬ್ಕೊಂಡೈತೆ, ಲಕ್ಷಣವಾಗ್ ಕಾಣ್ತಾರೆ" ಎಂದರು. ಗಿರಿಜಾಂಬ ಅದನ್ನು ಕೇಳಿ, ನಮ್ಮನೆ ತುಪ್ಪ ಅಂದರೆ ಸುಮ್ಮನೆಯೇ ಎಂದು ಬೀಗಿದಳು. ಬೆರಳಿಟ್ಟು ಒತ್ತಿದರೆ ಕಾಲಲ್ಲಿ ಗುಣಿ ಬಿದ್ದು ಹಾಗೇ ಉಳಿಯುತ್ತಿದ್ದದ್ದನ್ನು ನೋಡಿದವಳು ಸರ್ವಮಂಗಳ ಒಬ್ಬಳೇ. ಮಂಡಿಯ ಮೆಟ್ಟಿಲು ಹತ್ತಲು ಉಸಿರು ಸಾಲದಾಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಮನುಷ್ಯ ಕಂಬಕ್ಕೆ ಒರಗಿ ಕೂತೇ ನಿದ್ದೆ ಮಾಡತೊಡಗಿದ. ಆಗ ಬಸವಯ್ಯ ಹೆದರಿ ಚನ್ನಪಟ್ಟಣದಿಂದ ರೈಲಿನಲ್ಲಿ ಒಬ್ಬ ಡಾಕ್ಟರನ್ನು ಕರೆತಂದ.

ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಕಾಲು ಒತ್ತಿ ನೋಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು.

"ಇವರ ಹೃದಯ ಸೋತಿದೆ. ರಕ್ತ ತಳ್ಳೋ ಶಕ್ತಿ ಸಾಲ್ತಾ ಇಲ್ಲ. ಮೂತ್ರಪಿಂಡಕ್ಕೆ ರಕ್ತ ಕಡಿಮೆ ಬರುತ್ತೆ. ಹೃದಯ ಸೋತಿರೋದು ಅದಕ್ಕೇನು ಗೊತ್ತು? ಮೈಯಲ್ಲಿ ನೀರೇ ಒಣಗಿಹೋಗಿದೆ ಅಂದ್ಕೊಳ್ಳುತ್ತೆ. ನಿಮ್ಮ ಕೆರೆಯ ನೀರುಗಂಟಿ ಇದಾನಲ್ಲ, ಅವನು ಕಾಲುವೇಲಿ ನೀರು ಕಮ್ಮಿಯಾಯ್ತು ಅಂತ ಕೆರೆ ಕಡೆ ತಿರುಗೀನೂ ನೋಡ್ದೆ ತೂಬು ಮುಚ್ಚಿಬಿಟ್ರೆ ಏನಾಗುತ್ತೆ? ಕೆರೆ ತುಂಬಿ ಏರಿ ಒಡೆಯುತ್ತೆ. ಇವರ ಮೈಯಲ್ಲಿ ಆಗ್ತಿರೋದು ಅದೇ."

"ತೂಬು ಮುಚ್ಚೋರ್ಯಾರು ಸ್ವಾಮಿ?" ಎಂದಳು ಸರ್ವಮಂಗಳ ಬಾಗಿಲ ಮರೆಯಿಂದ.

"ಮೂತ್ರಪಿಂಡದಿಂದಲೇ ಒಂದು ರಸ ಹೊರಡುತ್ತಮ್ಮ. ಯುರೋಪಿನಲ್ಲಿ ಮೊಲದ ಮೂತ್ರಪಿಂಡ ಅರೆದು ಅದನ್ನ ಕಂಡುಹಿಡಿದಿದ್ದಾರೆ. ರೆನಿನ್ ಅಂತ ಹೆಸರಿಟ್ಟಿದ್ದಾರೆ. ಎಲ್ಲಾರೂ ಒಪ್ಪಲ್ಲ, ನಾನು ಒಪ್ತೀನಿ. ಅದೇನೇ ಇರಲಿ, ಉಪ್ಪು ಹೋದ ಕಡೆ ನೀರು ಹೋಗುತ್ತೆ. ಉಪ್ಪು ಪೂರ್ತಿ ನಿಲ್ಲಿಸಿ. ಈ ಹನಿ ಔಷಧಿ ಕೊಡಿ. ಬದುಕ್ತಾರೆ."

ಆ ಡಾಕ್ಟರಿಗೆ ಅರ್ಧ ಗೊತ್ತಿತ್ತು, ಮಿಕ್ಕ ಅರ್ಧ ಆಮೇಲಿನವರು ಕಂಡುಕೊಂಡರು. ರೆನಿನ್ ಎಂಬುದು ಒಂದು ಕಿಣ್ವ. ರಕ್ತದ ಒತ್ತಡ ತಗ್ಗಿತೆಂದು ಅನ್ನಿಸಿದ ಕೂಡಲೇ ಮೂತ್ರಪಿಂಡ ಅದನ್ನು ರಕ್ತಕ್ಕೆ ಬಿಡುತ್ತದೆ. ಅಲ್ಲಿ ತೇಲುತ್ತಿರುವ ಒಂದು ಪ್ರೋಟೀನನ್ನು ಅದು ಕತ್ತರಿಸುತ್ತದೆ. ಕತ್ತರಿಸಿದ ತುಂಡು ಇನ್ನೊಂದು ಕಿಣ್ವದ ಕೈಗೆ ಸಿಕ್ಕಿ ಬಿಗಿಯುವ ರಸವಾಗುತ್ತದೆ. ರಕ್ತನಾಳಗಳು ಸೆಟೆದುಕೊಳ್ಳುತ್ತವೆ, ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ. ಗಾಯವಾಗಿ ರಕ್ತ ಸುರಿದಾಗ, ಬಿಸಿಲಲ್ಲಿ ಬೆವರು ಹರಿದಾಗ ಇದರಿಂದಲೇ ಜೀವ ಉಳಿಯುವುದು. ಆದರೆ ಸೋತ ಹೃದಯದ ಮುಂದೆ ಇದು ಶುದ್ಧ ಮೂರ್ಖತನ. ಬಿಗಿದ ನಾಳಗಳಿಗೆ ರಕ್ತ ತಳ್ಳಿ ತಳ್ಳಿ ಹೃದಯ ಇನ್ನಷ್ಟು ಸೋಲುತ್ತದೆ, ಮೂತ್ರಪಿಂಡಕ್ಕೆ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ, ಅದು ಇನ್ನಷ್ಟು ರೆನಿನ್ ಬಿಡುತ್ತದೆ. ಮೂತ್ರಪಿಂಡವನ್ನು ಬೈದು ಏನು ಫಲ, ಅದಕ್ಕೆ ಕಣ್ಣಿಲ್ಲ. ಗಿರಿಜಾಂಬೆಗೆ ಎರಡು ಕಣ್ಣಿದ್ದವು.

"ಹೆಂಗಸ್ರ ಮುಂದೆ ಮೂತ್ರದ ಮಾತಾಡ್ತಾನಲ್ಲ, ನಾಚ್ಕೆ ಬ್ಯಾಡ್ವಾ ಅವ್ನಿಗೆ" ಎಂದಳು ಆಕೆ, ಡಾಕ್ಟರ ಬೆನ್ನು ತಿರುಗಿದ ಮೇಲೆ. ಆದರೂ ಪಥ್ಯವೆಂದರೆ ಪಥ್ಯ, ಅದರಲ್ಲಿ ಆಕೆಯನ್ನು ಮೀರಿಸುವವರುಂಟೇ? ಗಂಜಿಗೆ ಉಪ್ಪು ನಿಂತಿತು. ಸೊಪ್ಪಿಗೆ ಉಪ್ಪು ನಿಂತಿತು. ಯಜಮಾನರಿಗೆ ಉಪ್ಪಿಲ್ಲದ ಊಟ ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಸಾರಿ ಬಂದಳು. ಬಂದವಳೇ ಅಟ್ಟದಿಂದ ಎಲ್ಲಕ್ಕಿಂತ ಹಳೆಯ ಜಾಡಿ ಇಳಿಸಿದಳು. ಮಾಮೂಲಿ ರೋಗಿಗೆ ಒಂದು ಹೋಳು. ಇವರ ಗಂಜಿಯಲ್ಲಿ ಉಪ್ಪೇ ಇಲ್ಲವಲ್ಲ, ಪಾಪ ಎಂದು ಎರಡೆರಡು ಬಡಿಸಿದಳು.

ಸರ್ವಮಂಗಳ ತಡೆಯಲಾರದೆ ಕೇಳಿಬಿಟ್ಟಳು. "ಅತ್ತೆ, ಉಪ್ಪಿನಕಾಯಲ್ಲಿ ಉಪ್ಪಿರ್ತದಲ್ವಾ?"

"ಎಂಥಾ ಮಾತಾಡ್ತೀಯಮ್ಮಿ! ಅಷ್ಟು ವರ್ಷದ ಉಪ್ಪಿನಕಾಯಿ. ಉಪ್ಪೆಲ್ಲ ಯಾವತ್ತೋ ಸತ್ತೋಗಿ ಔಸ್ದಿ ಆಗೈತೆ. ಮಾಗಡಿ ಕಡೆಯೋರ್ಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು."

ಉಪ್ಪು ಸಾಯುತ್ತದಂತೆ! ಹರಳು ಹರಳಾಗಿ ಕಣ್ಣೆದುರು ಹೊಳೆಯುತ್ತಿರುವ ಉಪ್ಪು ವಯಸ್ಸಾಗಿ ಸಾಯುತ್ತದೆ ಎನ್ನುವ ಹೆಂಗಸಿನ ಜೊತೆ ಏನು ವಾದ ಮಾಡುವುದು? ಮಾವನ ಊತ ತೊಡೆಗೇರಿತು, ಮುಖ ಹಂಡೆಯಂತಾಯಿತು.

ಗಿರಿಜಾಂಬ ಸೋಮವಾರ ಪೂಜೆ ಮುಗಿಸಿ ದೊಡ್ಡ ಜಾಡಿಯಿಂದ ಸಣ್ಣ ಭರಣಿಗೆ ವಾರದ ಹೋಳು ತೆಗೆದಿಡುತ್ತಿದ್ದಳು. ಒಂದು ಸೋಮವಾರ ಆಕೆ ಮಠಕ್ಕೆ ಹೋದಾಗ ಸೊಸೆ ಭರಣಿಯನ್ನು ತಿಪ್ಪೆಗೆ ಸುರಿದಳು. ಹಸಿ ಹೇರಳೆಕಾಯಿ ಹೋಳನ್ನು ಬೆಲ್ಲ, ಹುಣಿಸೆಹಣ್ಣು, ಮೆಂತ್ಯ, ಖಾರದ ಪುಡಿ ಹಾಕಿ ಕಪ್ಪಗಾಗುವವರೆಗೆ ಕುದಿಸಿದಳು. ಉಪ್ಪು ಒಂದು ಕಾಳೂ ಹಾಕಲಿಲ್ಲ. ಅದನ್ನು ಭರಣಿಗೆ ತುಂಬಿ ಬಟ್ಟೆ ಕಟ್ಟಿಟ್ಟಳು.

ಮಧ್ಯಾಹ್ನ ವೀರಭದ್ರಯ್ಯ ಹೋಳನ್ನು ಬಾಯಿಗಿಟ್ಟುಕೊಂಡ. ಅಗಿಯುವುದು ನಿಂತಿತು. ಅವನು ತಲೆಯೆತ್ತಿ ಸೊಸೆಯ ಮುಖ ನೋಡಿದ. ಸೊಸೆ ಅವನ ಮುಖ ನೋಡಿದಳು. ಪಕ್ಕದಲ್ಲೇ ಗಿರಿಜಾಂಬ ಬೀಸಣಿಗೆ ಬೀಸುತ್ತಾ ಕೂತಿದ್ದಳು.

"ಚೆನ್ನಾಗೈತೆ" ಎಂದ ವೀರಭದ್ರಯ್ಯ, ನುಂಗಿದ.

ಎಷ್ಟು ದೊಡ್ಡ ಮನಸ್ಸು ಮಾವನದು ಎಂದು ಸರ್ವಮಂಗಳ ಆ ದಿನ ಕಣ್ಣಲ್ಲಿ ನೀರು ತಂದುಕೊಂಡಳು. ಆ ಮನೆಯಲ್ಲಿ ಅವಳಿಗೆ ಗೌರವ ಹುಟ್ಟಿದ್ದು ಅವನೊಬ್ಬನ ಮೇಲೆ.

ಹನಿ ಔಷಧಿ ಹೃದಯವನ್ನು ಹಿಡಿದು ನಿಲ್ಲಿಸಿತು, ಉಪ್ಪಿಲ್ಲದ ಊಟ ತೂಬು ತೆರೆಯಿತು. ಚೊಂಬುಗಟ್ಟಲೆ ನೀರು ಹೋಯಿತು. ಊತ ಮುಖದಿಂದ ಇಳಿಯಿತು, ಹೊಟ್ಟೆಯಿಂದ ಇಳಿಯಿತು, ಪಾದದ ಮೂಳೆ ಕಂಡವು. ವೀರಭದ್ರಯ್ಯ ನಡೆದು ಮಂಡಿಗೆ ಹೋಗಿ ಗದ್ದಿಗೆಯ ಮೇಲೆ ಕೂತ ದಿನ ಗಿರಿಜಾಂಬೆಯನ್ನು ನೋಡಬೇಕಿತ್ತು! ಡಾಕ್ಟರಂತೆ, ಮೊಲವಂತೆ, ಅದ್ಯಾವುದೋ ರಸವಂತೆ. ನನ್ನ ಜಾಡಿ ಇಲ್ಲದಿದ್ದರೆ ಇವತ್ತು ಈ ಹಣೆಯಲ್ಲಿ ಕುಂಕುಮ ಇರುತ್ತಿತ್ತೇ ಎಂದು ಮನೆ ಮನೆಗೆ ಹೋಗಿ ಹಣೆ ತೋರಿಸಿ ಬಂದಳು. ಗುಣವಾದರೂ ಗಂಡನ ಪಥ್ಯ ಬಿಡಿಸಲಿಲ್ಲ. ಸೋಮವಾರದ ಭರಣಿಯೂ ನಡೆಯಿತು, ಸೊಸೆಯ ಕೈಚಳಕವೂ ನಡೆಯಿತು.

ಆಗಲೇ ನಿಜ ಹೇಳಿಬಿಡಬಹುದಿತ್ತಲ್ಲ? ಹೇಳಲಿಲ್ಲ. ಜಗಳಕ್ಕೆ ಹೆದರಿ ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಅವಳಿಗೆ ಅದು ಭಾರೀ ಖುಷಿ ಕೊಡುತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಕೂತು ತನ್ನ ಕೈಗುಣವನ್ನು ಹೊಗಳಿಕೊಳ್ಳುವಾಗ ಇವಳು ಒಲೆಯ ಮುಂದೆ ಸೆರಗು ಕಚ್ಚಿಕೊಂಡು ನಗುವಳು. ಆ ನಗು ನಿಂತುಹೋಗುವುದು ಅವಳಿಗೆ ಬೇಡವಾಗಿತ್ತು.

ಕೈಕಾಲು ಊದಿದವರೆಲ್ಲ ಈಗ ಖಾಲಿ ಜಾಡಿ ಹಿಡಿದು ಬರತೊಡಗಿದರು. ಕನಕಪುರದಿಂದ ಬಂದರು, ಕೈಲಾಂಚದಿಂದ ಬಂದರು. ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಫಿರೋಜಾ ತನ್ನ ತಾಯಿಗೆಂದು ಒಂದು ಜಾಡಿ ಬೇಡಿ ಒಯ್ದಳು. ಅವು ಸೊಸೆ ಕುದಿಸಿದ ಬೆಲ್ಲದ ಹೋಳಲ್ಲ, ಅಟ್ಟದ ಮೇಲಿನ ಅಸಲಿ ಮಾಲು. ಕೆಲವು ದಿನದ ಮೇಲೆ ಫಿರೋಜಾಳ ತಾಯಿ ತೀರಿಕೊಂಡ ಸುದ್ದಿ ಬಂತು. "ತಡವಾಗಿ ಬಂದ್ರು, ನಾನೇನ್ ಮಾಡ್ಲಿ" ಎಂದಳು ಗಿರಿಜಾಂಬ. ಸರ್ವಮಂಗಳ ಅಟ್ಟದ ಮೇಲಿನ ಜಾಡಿಗಳ ಕಡೆ ಒಂದು ಸಲ ನೋಡಿದಳು. ಆದರೆ ಡಾಕ್ಟರನ್ನು ಬಿಟ್ಟು ಉಪ್ಪಿನಕಾಯಿ ನಂಬಿಕೊಂಡು ಬರುವ ಪೆದ್ದರಿಗೆ ತಾನೇನು ಮಾಡಲಾದೀತು ಎಂದುಕೊಂಡು ಒಲೆ ಊದಿದಳು. ಅತ್ತೆಯ ಮೇಲಿದ್ದ ತಾತ್ಸಾರ ಊರವರ ಮೇಲೂ ಹಬ್ಬಿತ್ತು. ಇಂಥವಳನ್ನು ಒಳ್ಳೆಯವಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಮಳೆಗಾಲ ಕಳೆಯುವಾಗ ಕೆಂಪಾಪುರದ ಗಂಗಹನುಮಯ್ಯ ಎಂಬುವನು ಹುರುಳಿ ಮಾರಲು ಪೇಟೆಗೆ ಬಂದವನು ಮನೆಗೂ ಬಂದ. ತವರೂರಿನವನು ಎಂದು ಸರ್ವಮಂಗಳ ಓಡಿ ಬಂದು ನೀರು ಕೊಟ್ಟಳು.

"ನಿಮ್ಮಪ್ಪಾರ್ಗೆ ಕಾಲೂತ ಬಂದದೆ ಕಣವ್ವ. ಮಾಗಡಿ ಡಾಕ್ಟ್ರ ತಾವ ಹನಿ ಔಸ್ದಿ ಈಸ್ಕೊಂಡವ್ರೆ. ಏನೂ ಭಯ ಇಲ್ಲ ಬುಡು. ನಿಮ್ಮತ್ತೆಯೋರು ಹೋದ್ ತಿಂಗ್ಳೇ ಜಾಡಿ ಕಳ್ಸವ್ರಲ್ಲ."

"ಅಟ್ಟದ ಜಾಡೀನಾ?" ಎಂದಳು ಸರ್ವಮಂಗಳ.

"ಬೀಗ್ರಿಗಲ್ದೆ ಇನ್ಯಾರ್ಗೆ ಕೊಡ್ಲಿ" ಎಂದಳು ಗಿರಿಜಾಂಬ ಒಳಗಿನಿಂದ, ಹೆಮ್ಮೆಯಿಂದ. "ನಿಂಗ್ ಹೇಳಿದ್ರೆ ಗಾಬ್ರಿ ಬೀಳ್ತೀಯ ಅಂತ ಹೇಳ್ಲಿಲ್ಲ."

ಮಾರನೆಯ ದಿನವೇ ಅವಳು ಮೋಟಾರಿನಲ್ಲಿ ಮಾಗಡಿಗೆ ಹೋಗಿ, ಅಲ್ಲಿಂದ ಗಾಡಿ ಹಿಡಿದು ಕೆಂಪಾಪುರ ತಲುಪಿದಳು. ಅಪ್ಪ ಗವಿಸಿದ್ದಯ್ಯ ಜಗುಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಒಂದು ಕಾಲದಲ್ಲಿ ಒಬ್ಬನೇ ನೇಗಿಲು ಹೊತ್ತು ಹೊಲಕ್ಕೆ ಹೋಗುತ್ತಿದ್ದ ಆಳು, ಈಗ ಮಗಳನ್ನು ಮಾತಾಡಿಸಲು ನಡುವೆ ಎರಡು ಸಲ ಉಸಿರು ಎಳೆದುಕೊಂಡ. ಪಕ್ಕದಲ್ಲಿ ಗಂಜಿಯ ಬಟ್ಟಲು, ಅದರ ಪಕ್ಕ ಕಪ್ಪು ಹೋಳು. ಸರ್ವಮಂಗಳ ಅಪ್ಪನ ಕಾಲು ಹಿಡಿದು ಎಲ್ಲವನ್ನೂ ಹೇಳಿದಳು. ಮಾವ ತಿಂದದ್ದು ಬೆಲ್ಲದ ಹೋಳು, ಇದು ಉಪ್ಪು, ಇದನ್ನು ತಿಂದರೆ ಹನಿ ಔಷಧಿ ಕೆಲಸ ಮಾಡುವುದಿಲ್ಲ, ಬಿಟ್ಟುಬಿಡು ಅಪ್ಪ ಎಂದು ಅತ್ತಳು.

ಗವಿಸಿದ್ದಯ್ಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮಗಳನ್ನು ನೋಡಿದ. "ಅಂಗಾದ್ರೆ ಇಷ್ಟು ದಿನ ಯಾಕವ್ವ ಬಾಯಿ ಬುಡ್ಲಿಲ್ಲ?" ಎಂದ.

ನಗು ಬರುತ್ತಿತ್ತು ಅಪ್ಪ, ಅದಕ್ಕೇ ಹೇಳಲಿಲ್ಲ ಎಂದು ಹೇಗೆ ಹೇಳುವುದು?

"ನೋಡ್ದೇನೇ" ಎಂದ ಗವಿಸಿದ್ದಯ್ಯ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ. "ಅತ್ತೆ ಮ್ಯಾಲಿನ ಹೊಟ್ಟೆಕಿಚ್ಚು ಇವ್ಳಿಗೆ. ಆಯಮ್ಮ ನಮ್ಮೇಲೆ ವಿಶ್ವಾಸ ಇಟ್ಟು ಕಳ್ಸಿದ್ರೆ ಇವ್ಳು ಕಲ್ಲಾಕಕ್ಕೆ ಬಂದವ್ಳೆ." ಆಮೇಲೆ ಮಗಳ ಮುಖ ನೋಡಿ ಏನನ್ನಿಸಿತೋ, ದನಿ ತಗ್ಗಿಸಿದ. "ಆಯ್ತು ಕಣವ್ವ. ತಿಂದು ಉಳ್ದೋರು ನಿಮ್ಮಾವ. ಅವ್ರ ಬಾಯಿಂದ ಈ ಮಾತು ಬರ್ಲಿ, ಆವತ್ತೇ ಬುಟ್ಬುಡ್ತೀನಿ."

ಆ ಮಾತು ಕೇಳಿ ಸರ್ವಮಂಗಳೆಗೆ ಜೀವ ಬಂತು. ಮಾವನಿಗೆ ಹೇಳಿ ಕಳಿಸಿದಳು. ವಾರ ತುಂಬುವ ಮೊದಲೇ ವೀರಭದ್ರಯ್ಯ ಗಾಡಿಯಲ್ಲಿ ಬಂದಿಳಿದ. ಹಿಂದೆಯೇ ಗಿರಿಜಾಂಬ ಇಳಿದಳು, ಮಡಿಲಲ್ಲಿ ಇನ್ನೊಂದು ಜಾಡಿ ಇಟ್ಟುಕೊಂಡು.

ಮಾವ ಕಾಲು ತೊಳೆಯಲು ಹಿತ್ತಲಿಗೆ ಬಂದಾಗ ಸೊಸೆ ಅವನ ಮುಂದೆ ಕೈ ಮುಗಿದು ನಿಂತಳು. "ಮಾವ, ನಿಮಗೆಲ್ಲ ಗೊತ್ತು. ಒಂದೇ ಒಂದು ಮಾತು. ಅಪ್ಪ ಉಳ್ಕತಾರೆ."

"ಗೊತ್ತು ಕಣವ್ವ, ಗೊತ್ತು" ಎಂದ ವೀರಭದ್ರಯ್ಯ, ಅವಳ ತಲೆ ಸವರಿದ. "ನನ್ ಜೀವ ಉಳ್ಸಿದ ಮಗ್ಳು ನೀನು. ಹೇಳ್ತೀನಿ."

ಜಗುಲಿಯ ಮೇಲೆ ಎಲ್ಲರೂ ಕೂತರು. ಗವಿಸಿದ್ದಯ್ಯನೇ ಕೇಳಿದ. "ಬೀಗ್ರೆ, ನನ್ ಮಗ್ಳು ಒಂದು ಮಾತು ಹೇಳ್ತಾಳೆ. ನೀವು ಉಳ್ದಿದ್ದು ಈ ಉಪ್ಪಿನಕಾಯಿಂದ ಅಲ್ವಂತೆ. ಇವ್ಳೇ ಬದ್ಲಾಯ್ಸಿದ್ಲಂತೆ. ದಿಟವಾ?"

ಗಿರಿಜಾಂಬ ಕತ್ತು ತಿರುಗಿಸಿ ಗಂಡನನ್ನು ನೋಡಿದಳು, ಅಷ್ಟೇ.

ವೀರಭದ್ರಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಗೋಡೆ ನೋಡಿದ, ಸೂರು ನೋಡಿದ. "ಹೆಣ್ಮಕ್ಳು ಏನೋ ಒಂದು ಅಂತಾವೆ ಬೀಗ್ರೆ. ಚಿಕ್ಕೋಳು, ಅಪ್ಪನ ಮೇಲಿನ ಆಸೆಗೆ ಅಂದವ್ಳೆ. ನಾನುಳ್ದಿದ್ದು ನಮ್ಮನೆಯವಳ ಕೈಗುಣದಿಂದ್ಲೇಯ."

ಸರ್ವಮಂಗಳ ಎದ್ದಳು. ಜಾಡಿಯಿಂದ ಒಂದು ದೊಡ್ಡ ಹೋಳು ತೆಗೆದು ಮಾವನ ಬಾಯಿಯ ಹತ್ತಿರ ಹಿಡಿದಳು. "ನೀವು ತಿಂದಿದ್ದು ಇದೇ ಆದ್ರೆ ಈಗ ತಿನ್ನಿ ಮಾವ. ಎಲ್ರ ಮುಂದೆ ತಿನ್ನಿ." ಅವನ ಹೃದಯ ಎಷ್ಟು ಸೋತಿದೆ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಈ ಒಂದು ಹೋಳಿಗಲ್ಲ, ಇದನ್ನು ಒಪ್ಪಿಕೊಂಡರೆ ನಾಳೆಯಿಂದ ಅತ್ತೆ ದಿನವೂ ಬಡಿಸುವ ಅಸಲಿ ಹೋಳಿಗೆ ಅವನು ಹೆದರುತ್ತಾನೆ, ಈಗಲಾದರೂ ಬೇಡ ಎನ್ನುತ್ತಾನೆ ಎಂದು ಅವಳು ನಂಬಿದ್ದಳು.

ಅವನು ಬಾಯಿ ತೆರೆದ. ಅಗಿದ. ಉಪ್ಪಿನ ಉರಿಗೆ ಕಣ್ಣಲ್ಲಿ ನೀರು ಚಿಮ್ಮಿತು. ಹೆಂಡತಿಯ ಮುಖ ನೋಡುತ್ತಲೇ ನುಂಗಿದ. "ಇದೇ ಕಣವ್ವ, ಇದೇ ರುಚಿ" ಎಂದ.

ಥೂ! ಆ ದಿನ ಬೀಸಣಿಗೆಯ ಪಕ್ಕದಲ್ಲಿ ಕೂತು ಚೆನ್ನಾಗೈತೆ ಎಂದು ನುಂಗಿದ್ದು ದೊಡ್ಡ ಮನಸ್ಸಲ್ಲ, ಇದೇ ಪುಕ್ಕಲುತನ ಎಂದು ಸರ್ವಮಂಗಳೆಗೆ ಆಗ ತಿಳಿಯಿತು. ಪ್ರಾಣ ಹೋದರೂ ಸರಿ, ಹೆಂಡತಿಯ ಮುಖ ಕಪ್ಪಾಗಬಾರದು ಎನ್ನುವಂಥ ಹೇಡಿಯೂ ಇರುತ್ತಾನೆ ಎಂದು ಅವಳು ಎಣಿಸಿಯೇ ಇರಲಿಲ್ಲ.

"ಕೇಳ್ದಾ ಮಗ?" ಎಂದ ಗವಿಸಿದ್ದಯ್ಯ, ಸಮಾಧಾನದಿಂದ. "ಹಾಕು, ನಂಗೂ ಒಂದು."

ಅವಳು ಹಾಕಲಿಲ್ಲ. ಗಿರಿಜಾಂಬ ಹಾಕಿದಳು.

ರಾಗಿ ತೆನೆ ಕಟ್ಟಿ ಹೊಲದಲ್ಲಿ ನಿಂತಿರುವಾಗಲೇ ಗವಿಸಿದ್ದಯ್ಯ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಗಿರಿಜಾಂಬ ಬೀಗಿತ್ತಿಯನ್ನು ತಬ್ಬಿಕೊಂಡು, ಬದನೆಕಾಯಿ ಏನಾದರೂ ತಿಂದಿದ್ದರೇ ಎಂದು ವಿಚಾರಿಸಿದಳು. ಸರ್ವಮಂಗಳ ಕ್ಲೋಸ್‌ಪೇಟೆಗೆ ಹಿಂತಿರುಗಿದಳು. ಸೋಮವಾರ ಬಂತು, ಅತ್ತೆ ಭರಣಿ ತುಂಬಿಟ್ಟು ಮಠಕ್ಕೆ ಹೋದಳು. ಸೊಸೆ ಭರಣಿಯ ತಂಟೆಗೆ ಹೋಗಲಿಲ್ಲ. ಮುಂದಿನ ಸೋಮವಾರವೂ ಹೋಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ವೀರಭದ್ರಯ್ಯ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಪಾದ ಮತ್ತೆ ಊದಿ ಹೊಳೆಯುತ್ತಿದ್ದವು. ಒಂದು ಸಲ ಹಿಂದೆ ತಿರುಗಿ ಪಡಸಾಲೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡ.

"ಮಗ" ಎಂದ ಪಿಸುದನಿಯಲ್ಲಿ. "ಆ ಬೆಲ್ಲದ್ದು ಒಸಿ ಮಾಡಿಕೊಡವ್ವ. ಅವ್ಳಿಗೆ ಗೊತ್ತಾಗೋದು ಬ್ಯಾಡ."

ಸರ್ವಮಂಗಳ ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅತ್ತೆಯೋರ್ನೇ ಕೇಳಿ ಮಾವ" ಎಂದು ಜರಡಿಗೆ ಇನ್ನೊಂದು ಬೊಗಸೆ ಹಿಟ್ಟು ಸುರಿದಳು.